ಇಂದಿರಾ ‘ಬೇಡ’ ಅಂದಿದ್ದಕ್ಕೆ ಈಗೋ ಅನ್ನಬೇಡಿ

ಕಳೆದ ತಿಂಗಳು ನಮ್ಮ ಕನ್ನಡ ಸಂಘದವರು ಸೆಮಿನಾರ್ ಹಾಲಲ್ಲಿ ‘ಬೆಳ್ಳಿಮೋಡ’ ತೋರಿಸಿದರಲ್ಲ, ಅವತ್ತು ಬಂದಿದ್ದು ಸುಮಾರು ನಲವತ್ತು ಜನ. ಕೊನೇವರೆಗೂ ಕೂತವರು ಎಷ್ಟು ಅಂತ ಹೇಳಲ್ಲ, ಸಂಘದವರಿಗೆ ಬೇಜಾರಾಗುತ್ತೆ. ಸಿನಿಮಾ ಮುಗಿದು ಲೈಟ್ ಹಾಕಿದ ತಕ್ಷಣ ಹಿಂದಿನ ಸಾಲಿಂದ ಒಬ್ಬ ಜೋರಾಗಿ ಹೇಳಿದ, “ಏನ್ ಗುರೂ ಇದು, ಹುಡುಗ ಅಷ್ಟು ಕೇಳ್ಕೋತಿದಾನೆ, ಅವಳಿಗೆ ಈಗೋ ನೋಡು.” ತುಂಬಾ ಜನ ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದ ಮೇಲೆ ಸಿಟ್ಟು ಬಂತು, ಅವನಿಗಿಂತ ಜಾಸ್ತಿ ನನ್ನ ಮೇಲೇ. ಆ ಹೊತ್ತಲ್ಲಿ ಎದ್ದು ನಿಂತು ಹೇಳಬೇಕಿದ್ದನ್ನ ಈಗ ಬರೀತಿದೀನಿ.

ಮೊದಲೇ ಒಂದು ಮಾತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್ ಪೇಪರ್ ಆಗಿತ್ತು, ಮನೇಲಿ ಮಾತಾಡೋ ಭಾಷೆ ಆಗಿತ್ತು, ಓದೋ ಭಾಷೆ ಆಗಿರಲಿಲ್ಲ. ‘ಬೆಳ್ಳಿಮೋಡ’ ಕಾದಂಬರಿ ನಾನು ಪೂರ್ತಿ ಓದಿದ ಮೊದಲನೇ ಕನ್ನಡ ಪುಸ್ತಕ. ಅಮ್ಮ ಎರಡು ದಿನದಲ್ಲಿ ಮುಗಿಸಿದ್ದ ಪುಸ್ತಕಕ್ಕೆ ನನಗೆ ಹದಿನೆಂಟು ದಿನ ಬೇಕಾಯ್ತು. ಒತ್ತಕ್ಷರ ತಪ್ಪಿದ್ರೆ ತಿದ್ದಿಕೊಂಡು ಓದಿ.

ಇಂಟರ್ವಲ್‌ಗೆ ಎದ್ದು ಹೋದವರಿಗಾಗಿ ಕಥೆ ಚಿಕ್ಕದಾಗಿ ಹೇಳ್ತೀನಿ. ಚಿಕ್ಕಮಗಳೂರು ಕಡೆಯ ಎಸ್ಟೇಟ್ ಮಾಲೀಕರೊಬ್ಬರಿಗೆ ಒಬ್ಬಳೇ ಮಗಳು, ಇಂದಿರಾ. ಪರಿಚಯದವರ ಮಗ ಮೋಹನ್ ಅಮೆರಿಕಕ್ಕೆ ಓದೋಕೆ ಹೋಗಬೇಕು, ಕೈಯಲ್ಲಿ ದುಡ್ಡಿಲ್ಲ. ಇಂದಿರಾಳ ಅಪ್ಪ ಕೊಡ್ತಾರೆ. ಇಬ್ಬರಿಗೂ ಮದುವೆ ಅಂತ ಮಾತಾಗುತ್ತೆ. ಅವಳಿಗೆ ನಿಜವಾಗ್ಲೂ ಅವನ ಮೇಲೆ ಪ್ರೀತಿ. ಅವನು ಅಲ್ಲಿ ಓದ್ತಿರುವಾಗ ಇಲ್ಲಿ, ಯಾರೂ ನಿರೀಕ್ಷೆ ಮಾಡದೇ ಇದ್ದಾಗ, ಇಂದಿರಾಳ ಅಮ್ಮನಿಗೆ ಗಂಡು ಮಗು ಆಗುತ್ತೆ. ಅಮ್ಮ ತೀರಿಹೋಗ್ತಾಳೆ. ತಮ್ಮನನ್ನ ನೋಡಿಕೊಳ್ಳೋದು ಇಂದಿರಾಳ ಪಾಲಿಗೆ ಬರುತ್ತೆ. ಮೋಹನ್ ವಾಪಸ್ ಬಂದು ನೋಡಿದರೆ ಎಸ್ಟೇಟಿಗೆ ವಾರಸುದಾರ ಬೇರೆ ಹುಟ್ಟಿದ್ದಾನೆ. ಮದುವೆ ಬೇಡ ಅಂತಾನೆ. ಆಮೇಲೆ ಒಂದು ಅವಘಡದಲ್ಲಿ ಕಾಲು ಮುರಿದುಕೊಂಡು ಮಲಗ್ತಾನೆ. ಅವನ ಆರೈಕೆ ಮಾಡೋದು ಇದೇ ಇಂದಿರಾ. ಮಲಗಿದಲ್ಲೇ ಅವನಿಗೆ ಇವಳೇನು ಅಂತ ಅರ್ಥ ಆಗುತ್ತೆ, ಮದುವೆ ಆಗೋಣ ಅಂತ ಕೇಳ್ತಾನೆ. ಅವಳು ಒಪ್ಪಲ್ಲ.

ಅಷ್ಟೇ. ಫೈಟ್ ಇಲ್ಲ, ವಿಲನ್ ಇಲ್ಲ. ಇದನ್ನ ಬರೆದ ತ್ರಿವೇಣಿಯವರು ಮೈಸೂರಿನ ಮಹಾರಾಜ ಕಾಲೇಜಲ್ಲಿ ಮನಃಶಾಸ್ತ್ರ ಓದಿದವರು, ನಿಜವಾದ ಹೆಸರು ಅನಸೂಯಾ ಶಂಕರ್. 1928ರಲ್ಲಿ ಹುಟ್ಟಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. 35 ತುಂಬಿರಲಿಲ್ಲ, ಅಷ್ಟರಲ್ಲಿ ಸುಮಾರು 20 ಕಾದಂಬರಿ. ಪುಟ್ಟಣ್ಣ ಕಣಗಾಲರು ಈ ಸಿನಿಮಾ ಮಾಡಿದ್ದು 1967ರಲ್ಲಿ, ಕನ್ನಡದಲ್ಲಿ ಅವರ ಮೊದಲನೇ ನಿರ್ದೇಶನ. ಅಂದರೆ ತ್ರಿವೇಣಿಯವರು ಕಲ್ಪನಾನ ಇಂದಿರಾ ಆಗಿ ನೋಡಲೇ ಇಲ್ಲ. ವಿಕಿಪೀಡಿಯದಲ್ಲಿ ಎರಡು ಇಸವಿ ಪಕ್ಕಪಕ್ಕ ನೋಡಿದಾಗ ನನಗೆ ಸಿಕ್ಕಾಪಟ್ಟೆ ಬೇಜಾರಾಯ್ತು.

ಈಗ ‘ಈಗೋ’ ವಿಷಯಕ್ಕೆ ಬರೋಣ.

ಮೋಹನ್ ಮಾಡಿದ ತಪ್ಪು ಏನು? ‘ಹುಡುಗಿಗೆ ಮೋಸ ಮಾಡಿದ’ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ತಪ್ಪು ಅದಕ್ಕೂ ಮೊದಲೇ ಶುರುವಾಗಿದೆ. ಅವನು ಎರಡು ಬೇರೆ ಬೇರೆ ಲೆಕ್ಕಗಳನ್ನ ಒಂದೇ ಪುಸ್ತಕದಲ್ಲಿ ಬರೆದ. ಇವಳ ಅಪ್ಪ ನನಗೆ ದುಡ್ಡು ಕೊಡ್ತಿದಾರೆ, ಅದಕ್ಕೆ ಇವಳನ್ನ ಮದುವೆ ಆಗ್ತೀನಿ. ಇವಳಿಗೆ ಆಸ್ತಿ ಬರಲ್ಲ, ಅದಕ್ಕೆ ಆಗಲ್ಲ. ಇಂದಿರಾ ಮಾತ್ರ ಯಾವತ್ತೂ ಹಾಗೆ ಲೆಕ್ಕ ಹಾಕಿದವಳಲ್ಲ. ಈಗ ಸಿನಿಮಾ ಕೊನೇಲಿ ನಮ್ಮ ಹಿಂದಿನ ಸಾಲಿನವರು ಅವಳಿಗೆ ಏನು ಮಾಡು ಅಂತಿದಾರೆ ನೋಡಿ. ಅವನು ಸಾರಿ ಕೇಳಿದ, ಅದಕ್ಕೆ ಮದುವೆ ಆಗು. ಅವನು ಕಾಲು ಮುರಿದುಕೊಂಡು ನೋವು ತಿಂದ, ಅದಕ್ಕೆ ಮದುವೆ ಆಗು. ಇಷ್ಟು ದಿನ ನೀನೇ ಆರೈಕೆ ಮಾಡಿದೆಯಲ್ಲ, ಅದಕ್ಕೆ ಮದುವೆ ಆಗು. ಇದು ಮೋಹನ್ ಹಾಕಿದ ಲೆಕ್ಕವೇ ತಾನೆ? ದುಡ್ಡಿನ ಜಾಗದಲ್ಲಿ ಸಾರಿ ಬಂದಿದೆ.

ಅವನ ಸಾರಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಕಲ್ಯಾಣ್ ಕುಮಾರ್ ಮುಖ ನೋಡಿದರೆ ಗೊತ್ತಾಗುತ್ತೆ, ಅವನು ನಿಜವಾಗ್ಲೂ ಬದಲಾಗಿದ್ದಾನೆ. ಇಂದಿರಾಗೂ ಅದು ಗೊತ್ತು. ಅವನನ್ನ ನಂಬಿದ ಮೇಲೂ ಅವಳಿಗೆ ಅವನು ಬೇಡ, ಅಷ್ಟೇ. ನಮಗೆ ಅರಗಿಸಿಕೊಳ್ಳೋಕೆ ಕಷ್ಟ ಆಗೋದು ಇದೇ. ‘ಅವನು ಕೆಟ್ಟವನು, ಅದಕ್ಕೆ ಬೇಡ’ ಅಂದಿದ್ದರೆ ಎಲ್ಲರೂ ಚಪ್ಪಾಳೆ ಹೊಡೀತಿದ್ದರು. ಒಳ್ಳೆಯವನಾಗಿ ಬಂದವನಿಗೆ ಬೇಡ ಅಂದರೆ ಹುಡುಗಿಗೆ ಕೊಬ್ಬು.

ಇಷ್ಟು ಗಟ್ಟಿಯಾಗಿ ಹೇಳೋಕೆ ನನಗೆ ಕಾರಣ ಇದೆ. ಯಾರು ಅಂತ ಹುಡುಕೋಕೆ ಹೋಗಬೇಡಿ, ಅವನು ಈ ಕ್ಯಾಂಪಸ್ಸಲ್ಲಿಲ್ಲ. ನಮ್ಮೂರಿನ ಪಿಯು ಕಾಲೇಜಲ್ಲಿ ಜೊತೆಗಿದ್ದವನು. ಸಿಇಟಿ ಆದಮೇಲೆ ಅವನು ಒಂದು ಊರಿಗೆ, ನಾನು ಈ ಊರಿಗೆ. ಫಸ್ಟ್ ಸೆಮ್ ಪೂರ್ತಿ ದಿನಾ ರಾತ್ರಿ ಫೋನು. ವಾರ್ಡನ್ ಮೇಡಮ್ ಬಂದರೆ ರಗ್ಗಿನ ಒಳಗೆ ಪಿಸುಪಿಸು. ಸೆಮ್ ಎಕ್ಸಾಮಿಗೆ ನಾಲ್ಕು ದಿನ ಇರುವಾಗ ಅವನು ಹೇಳಿದ, “ಇದು ವರ್ಕ್ ಆಗಲ್ಲ ಅನ್ಸುತ್ತೆ.” ಹನ್ನೊಂದು ನಿಮಿಷದ ಕಾಲ್. ಅದರಲ್ಲಿ ಮೂರು ನಿಮಿಷ ಅವನ ಹಾಸ್ಟೆಲಲ್ಲಿ ನೆಟ್‌ವರ್ಕ್ ಇರಲಿಲ್ಲ. ಮ್ಯಾಥ್ಸ್ ಹೋಯ್ತು. ಮ್ಯಾಥ್ಸ್ ಹೋಗಿದ್ದಕ್ಕೆ ಅವನೊಬ್ಬನೇ ಕಾರಣ ಅಂತ ಹೇಳಿದರೆ ಸುಳ್ಳಾಗುತ್ತೆ, ನಾನು ಇಂಟಿಗ್ರೇಶನ್ ಮೊದಲಿಂದಲೂ ಓದಿರಲಿಲ್ಲ. ಆದ್ರೂ ಬ್ಯಾಕ್‌ಲಾಗ್ ಅಂತ ಬಂದಿದ್ದು ಆವಾಗಲೇ.

ಅದಾಗಿ ಮೂರು ತಿಂಗಳಿಗೆ ಅಜ್ಜಿ ಹೋದರು. ನನ್ನನ್ನ ಸಾಕಿದ್ದೇ ಅಜ್ಜಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋರು. ಸ್ಕೂಲಿಂದ ಬಂದರೆ ಬಾಗಿಲು ತೆಗೀತಿದ್ದಿದ್ದು ಅಜ್ಜಿ. ಬಸ್ಸು ಹತ್ತಿ ಊರು ಸೇರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಮುಖ ನೋಡೋಕೆ ಸಿಗಲಿಲ್ಲ.

ವಿಷಯ ಗೊತ್ತಾಗಿ ಅವನು ಬಂದ. ಅಷ್ಟು ದೂರದಿಂದ, ಇಂಟರ್ನಲ್ಸ್ ಬಿಟ್ಟು. ಹಿತ್ತಲಲ್ಲಿ ಸುಮ್ಮನೆ ನನ್ನ ಜೊತೆ ಕೂತ. ಪಾತ್ರೆ ಎತ್ತಿಡೋಕೆ, ಶಾಮಿಯಾನದವನಿಗೆ ದುಡ್ಡು ಕೊಡೋಕೆ ಅಪ್ಪನ ಜೊತೆ ಓಡಾಡಿದ. ಸುಳ್ಳು ಹೇಳಲ್ಲ, ಅವತ್ತು ಅವನು ಬಂದಿದ್ದು ನನಗೆ ಬೇಕಿತ್ತು. ಹದಿಮೂರನೇ ದಿನದ ಊಟ ಮುಗಿಸಿ ಹೊರಡುವಾಗ ಕೇಳಿದ, “ಮತ್ತೆ ಶುರು ಮಾಡೋಣ್ವಾ? ನಾನು ಮಾಡಿದ್ದು ತಪ್ಪು.”

ನಾನು ಎರಡು ವಾರ ಟೈಮ್ ತಗೊಂಡೆ. ಅಷ್ಟರಲ್ಲಿ ಫ್ರೆಂಡ್ಸೆಲ್ಲ ತೀರ್ಪು ಕೊಟ್ಟಾಗಿತ್ತು. “ಪಾಪ ಕಣೇ, ಅಷ್ಟು ದೂರದಿಂದ ಬಂದಿದ್ದ.” “ಇನ್ನೇನು ಬೇಕು ನಿಂಗೆ?” “ಇಂಥವನು ಸಿಗಲ್ಲ ಮತ್ತೆ.” ಯಾರೊಬ್ಬರೂ ‘ನಿಂಗೆ ಅವನ ಮೇಲೆ ಈಗ್ಲೂ ಪ್ರೀತಿ ಇದ್ಯಾ’ ಅಂತ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ, ಅದೇ ತಮಾಷೆ. ಅವನು ಶಾಮಿಯಾನದ ಹತ್ತಿರ ಓಡಾಡಿದ್ದನ್ನೂ, ನನ್ನ ಹನ್ನೊಂದು ನಿಮಿಷದ ಕಾಲನ್ನೂ ತಕ್ಕಡೀಲಿ ಇಟ್ಟು ತೂಗ್ತಾ ಕೂತಿದ್ದೆ. ಆ ರಜೆಯಲ್ಲೇ ಅಮ್ಮನ ಬೀರುವಿನಲ್ಲಿ, ಅಜ್ಜಿಯ ಸೀರೆ ಮಡಿಸಿಡುವಾಗ, ರಟ್ಟು ಕಿತ್ತುಹೋಗಿದ್ದ ‘ಬೆಳ್ಳಿಮೋಡ’ ಸಿಕ್ಕಿದ್ದು. ಫೋನ್ ನೋಡಬಾರದು ಅಂತ ಪುಸ್ತಕ ಹಿಡ್ಕೊಂಡೆ. ಬೇರೆ ಘನವಾದ ಕಾರಣ ಏನಿಲ್ಲ.

ಇಂದಿರಾ ಬೇಡ ಅಂದ ಜಾಗಕ್ಕೆ ಬಂದಾಗ ನನಗೆ ಮೊದಲು ಆಗಿದ್ದು ಆಶ್ಚರ್ಯ. ಹೀಗೂ ಮಾಡಬಹುದಾ? ಒಬ್ಬರ ಉಪಕಾರನ ಉಪಕಾರ ಅಂತಲೇ ಇಟ್ಟುಕೊಂಡು, ಮನಸಾರೆ ಥ್ಯಾಂಕ್ಸ್ ಹೇಳಿ, ಬೇಡ ಅನ್ನಬಹುದಾ? ಅವನಿಗೆ ಫೋನ್ ಮಾಡಿದೆ. ನೀನು ಬಂದಿದ್ದು ನಾನು ಮರೆಯಲ್ಲ, ಆದ್ರೆ ಮತ್ತೆ ಶುರು ಮಾಡೋಕೆ ನನಗೆ ಮನಸ್ಸಿಲ್ಲ ಅಂತ ಹೇಳಿದೆ. ಅವನು ಅತ್ತ. ನಾನೂ ಅತ್ತೆ. ನೆಟ್‌ವರ್ಕ್ ಈ ಸಲ ಚೆನ್ನಾಗಿತ್ತು.

ಸಿನಿಮಾ ದಿನ ಇನ್ನೊಂದು ಟೀಕೆ ಬಂತು. ಅದು ನನಗೆ ಇನ್ನೂ ಮುಖ್ಯ ಅನ್ಸಿತು, ಯಾಕಂದ್ರೆ ಹೇಳಿದ್ದು ನಾನು ತುಂಬಾ ಗೌರವ ಇಟ್ಟಿರೋ ಸೀನಿಯರ್ ಅಕ್ಕ. ಅವರ ಪ್ರಶ್ನೆ ಉಲ್ಟಾ: ಮದುವೆ ಬೇಡ ಅಂದವನ ಆರೈಕೆ ಅವಳು ಯಾಕೆ ಮಾಡಬೇಕಿತ್ತು? ಹೆಣ್ಣಂದ್ರೆ ಸೇವೆ ಮಾಡೋದಕ್ಕೇ ಇರೋಳಾ? ಆಸ್ಪತ್ರೆಗೆ ಸೇರಿಸಿ ಕೈ ತೊಳ್ಕೋಬೇಕಿತ್ತು.

ಈ ಪ್ರಶ್ನೆ ಸುಲಭವಾಗಿ ತಳ್ಳಿಹಾಕೋ ಹಾಗಿಲ್ಲ. ಆ ಕಾಲದ ಸಿನಿಮಾಗಳಲ್ಲಿ ನಾಯಕಿ ಅಂದರೆ ಸಹನೆ, ಕಣ್ಣೀರು, ಔಷಧಿ ಲೋಟ. ಇಂದಿರಾ ಕೈಯಲ್ಲೂ ಆ ಲೋಟ ಇದೆ. ಆದರೆ ನನಗೆ ಅನ್ಸೋದು, ಆ ಆರೈಕೆ ಇಲ್ಲದೆ ಹೋಗಿದ್ರೆ ಕೊನೆಯ ‘ಬೇಡ’ಕ್ಕೆ ಅಷ್ಟು ತೂಕ ಬರ್ತಿರಲಿಲ್ಲ. ಸಿಟ್ಟಲ್ಲಿ ಬೇಡ ಅನ್ನೋದು ಸುಲಭ. ನಾವು ದಿನಾ ಅಂತೀವಿ, ಬ್ಲಾಕ್ ಮಾಡ್ತೀವಿ, ಮೂರು ದಿನಕ್ಕೆ ಅನ್‌ಬ್ಲಾಕ್ ಮಾಡ್ತೀವಿ. ಇಂದಿರಾ ಅವನ ಹಾಸಿಗೆ ಪಕ್ಕ ದಿನಗಟ್ಟಲೆ ಕೂತು, ಅವನ ನೋವು ಹತ್ತಿರದಿಂದ ನೋಡಿ, ಸಿಟ್ಟೆಲ್ಲ ಆರಿದ ಮೇಲೆ ಬೇಡ ಅಂದಿದ್ದು. ಈಗೋ ಇದ್ದವಳಾಗಿದ್ರೆ ಆ ರೂಮಿಗೇ ಹೋಗ್ತಿರಲಿಲ್ಲ. ಮನೇಲಿ ಕಾಲು ಮುರಿದು ಬಿದ್ದವನನ್ನ ನೋಡಿಕೊಳ್ಳೋದು ಮನುಷ್ಯರು ಮಾಡೋ ಕೆಲಸ, ಅದನ್ನ ಮಾಡಿದಳು. ಹೆಂಡತಿ ಆಗೋದು ಬೇರೆ ಕೆಲಸ, ಅದಕ್ಕೆ ಒಪ್ಪಲಿಲ್ಲ. ಅಕ್ಕನಿಗೆ ಇದು ಪೂರ್ತಿ ಒಪ್ಪಿಗೆ ಆಗಿಲ್ಲ. ಮೆಸ್ಸಲ್ಲಿ ಇನ್ನೂ ವಾದ ನಡೀತಿದೆ.

ಇಲ್ಲಿ ನಮ್ಮ ಭಾಷೆ ಬಗ್ಗೆ ಒಂದು ಮಾತು. ಬ್ರೇಕಪ್ ಆದರೆ ನಾವೆಲ್ಲ ‘ಮೂವ್ ಆನ್ ಆಗು’ ಅಂತೀವಿ. ಬಸ್ ಕಂಡಕ್ಟರ್ ‘ಮುಂದೆ ಹೋಗಿ ಮುಂದೆ ಹೋಗಿ’ ಅಂದ ಹಾಗೆ. ಅಜ್ಜಿ ಹೋದಾಗ ‘ಮೂವ್ ಆನ್ ಆಗು’ ಅಂತ ಯಾರಾದ್ರೂ ಹೇಳ್ತಾರಾ? ಹೇಳಿದರೆ ಹೊಡೀತೀವಿ. ಅಮ್ಮ ನನಗೆ ಹೇಳಿದ್ದು ‘ಸುಧಾರಿಸ್ಕೋ’ ಅಂತ. ಮೆಟ್ಟಿಲು ಹತ್ತಿ ಬಂದವರಿಗೆ ಹೇಳ್ತೀವಲ್ಲ, ಕೂತ್ಕೋ, ನೀರು ಕುಡಿ, ಸುಧಾರಿಸ್ಕೋ. ಅದರಲ್ಲಿ ಎಲ್ಲಿಗೂ ಓಡಬೇಕಾಗಿಲ್ಲ. ಉಸಿರು ಸರಿ ಹೋಗೋವರೆಗೂ ಇದ್ದಲ್ಲೇ ಇರಬಹುದು. ನನಗೆ ಆ ಪದ ತುಂಬಾ ಇಷ್ಟ ಆಯ್ತು.

ಆಮೇಲೆ ಹೊಳೀತು, ಇದೇ ಪದಕ್ಕೆ ಇನ್ನೊಂದು ಮುಖ ಇದೆ ಅಂತ. ಗಂಡನ ಮನೇಲಿ ಕಷ್ಟ ಅಂತ ಬಂದ ಹೆಣ್ಣುಮಕ್ಕಳಿಗೂ ‘ಏನೋ ಸುಧಾರಿಸ್ಕೊಂಡು ಹೋಗಮ್ಮ’ ಅಂತಲೇ ಹೇಳೋದು. ಒಂದೇ ಪದ. ಒಂದು ಕಡೆ ಚೇತರಿಸಿಕೋ ಅಂತ, ಇನ್ನೊಂದು ಕಡೆ ಸಹಿಸಿಕೋ ಅಂತ. ಇಂದಿರಾ ಮಾಡಿದ್ದು ಮೊದಲನೇದು. ಹಿಂದಿನ ಸಾಲಿನವರು ಕೇಳ್ತಿರೋದು ಎರಡನೇದು.

ಚೇತರಿಸಿಕೊಳ್ಳೋದು ಅಂದರೆ ಮೊದಲಿನ ಹಾಗೇ ಆಗಿಬಿಡೋದು ಅಂತ ನಾನು ಅಂದ್ಕೊಂಡಿದ್ದೆ. ಈ ಸೆಮ್ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಲ್ಲಿ ಯುಟಿಎಂ ಮೇಲೆ ಮೈಲ್ಡ್ ಸ್ಟೀಲ್ ರಾಡ್ ಎಳೆದಿದ್ದು ನೆನಪಿದೆಯಾ? ಯೀಲ್ಡ್ ಪಾಯಿಂಟ್ ದಾಟಿದ ಮೇಲೆ ಲೋಡ್ ತೆಗೆದರೂ ರಾಡು ಮೊದಲಿನ ಉದ್ದಕ್ಕೆ ಬರಲ್ಲ. ಸ್ವಲ್ಪ ಉದ್ದ ಹಾಗೇ ಉಳಿಯುತ್ತೆ. ಮತ್ತೆ ಎಳೆದರೆ ಈ ಸಲ ಜಾಸ್ತಿ ಲೋಡ್ ತಡ್ಕೊಳ್ಳುತ್ತೆ. ರೆಕಾರ್ಡ್ ಬರೆಯುವಾಗ ಇದು ನಾನೇ ಅನ್ಸಿ ಖುಷಿಪಟ್ಟೆ. ಆದರೆ ಪಕ್ಕದಲ್ಲಿದ್ದವಳು ನೆನಪು ಮಾಡಿದಳು, ಹಾಗೆ ಗಟ್ಟಿಯಾದ ಸ್ಟೀಲಿಗೆ ಬಾಗೋ ಗುಣ ಕಡಿಮೆ ಆಗುತ್ತೆ ಅಂತ. ಅದೂ ನಿಜ. ಈಗ ನನಗೆ ಯಾರಾದ್ರೂ ಹತ್ತಿರ ಬಂದು ಚೆನ್ನಾಗಿ ಮಾತಾಡಿದರೆ ಮೊದಲು ಅನುಮಾನವೇ ಬರುತ್ತೆ. ಇಷ್ಟು ಗಟ್ಟಿ ನನಗೆ ಬೇಕಿರಲಿಲ್ಲ.

ಇಂದಿರಾನ ಮೆಚ್ಚುವಾಗ ಒಂದು ಮರೀಬಾರದು. ಅವಳಿಗೆ ನಿಂತ್ಕೊಂಡು ಬೇಡ ಅನ್ನೋಕೆ ಒಂದು ಮನೆ ಇತ್ತು. ಊಟಕ್ಕೆ ಕೊರತೆ ಇರಲಿಲ್ಲ, ಅಪ್ಪ ‘ಹಾಳಾಗಿ ಹೋಗು’ ಅನ್ನಲಿಲ್ಲ. ಇದೇ ತ್ರಿವೇಣಿಯವರು ‘ಶರಪಂಜರ’ದಲ್ಲಿ ಕಾವೇರಿ ಕಥೆ ಬರೆದಿದ್ದಾರೆ. ಹೆರಿಗೆ ಆದಮೇಲೆ ಕಾವೇರಿಗೆ ಮಾನಸಿಕ ಕಾಯಿಲೆ ಬರುತ್ತೆ, ಆಸ್ಪತ್ರೆ ಸೇರ್ತಾಳೆ, ವಾಸಿ ಆಗಿ ಮನೆಗೆ ಬರ್ತಾಳೆ. ಡಾಕ್ಟರ ಪ್ರಕಾರ ವಾಸಿ, ಮನೆಯವರ ಪ್ರಕಾರ ಅಲ್ಲ. ಜೋರಾಗಿ ನಕ್ಕರೂ, ಸಿಟ್ಟು ಮಾಡಿದರೂ, ‘ಮತ್ತೆ ಶುರುವಾಯ್ತಾ’ ಅನ್ನೋ ಕಣ್ಣುಗಳು. ಜೊತೆಗೆ ಗಂಡನಿಗೆ ಬೇರೆ ಸಂಬಂಧ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತೆ. ಕಾವೇರಿ ಪ್ರಯತ್ನ ಕಡಿಮೆ ಅಂತ ಯಾರಾದ್ರೂ ಹೇಳೋಕೆ ಆಗುತ್ತಾ? ವಾಸಿ ಆದವರನ್ನ ವಾಸಿ ಆದವರು ಅಂತ ಒಪ್ಪೋ ಜನ ಸುತ್ತ ಇಲ್ಲದಿದ್ದರೆ ಒಬ್ಬಳೇ ಎಷ್ಟು ಅಂತ ಮಾಡ್ತಾಳೆ. ಮನಃಶಾಸ್ತ್ರ ಓದಿದವರು ಬರೆದಿದ್ದು ಅಂತ ಇದರಲ್ಲಿ ಗೊತ್ತಾಗುತ್ತೆ.

ನಮ್ಮ ಹಾಸ್ಟೆಲಲ್ಲೂ ಒಬ್ಬಳಿದ್ದಾಳೆ, ಬ್ರೇಕಪ್ ಆಗಿ ಒಂದು ತಿಂಗಳು ಕ್ಲಾಸಿಗೆ ಬರಲಿಲ್ಲ, ಮನೆಗೆ ಹೋಗಿ ಕೌನ್ಸೆಲಿಂಗ್ ತಗೊಂಡು ಬಂದಳು. ಈಗ ಆರಾಮಾಗಿದ್ದಾಳೆ. ಆದರೂ ಅವಳು ಕ್ಯಾಂಟೀನಲ್ಲಿ ಒಬ್ಬಳೇ ಕೂತರೆ ಸಾಕು, ನಾವು ಒಬ್ಬರ ಮುಖ ಒಬ್ಬರು ನೋಡ್ತೀವಿ. ‘ನಾವು’ ಅಂತ ಬೇಕಂತಲೇ ಬರೆದೆ, ನಾನೂ ನೋಡಿದ್ದೀನಿ. ಅವಳಿಗೆ ಒಬ್ಬಳೇ ಕೂತು ಟೀ ಕುಡಿಯೋಕೆ ಇಷ್ಟ, ಅಷ್ಟೇ ಅಂತೆ. ಈ ಸಾಲು ಹಾಕೋಕೆ ಅವಳನ್ನ ಕೇಳಿದೀನಿ. “ಹಾಕು, ಹಾಗಾದ್ರೂ ನೋಡೋದು ನಿಲ್ಲಿಸಲಿ” ಅಂದಳು.

‘ಬೆಳ್ಳಿಮೋಡ’ದ ಬಗ್ಗೆ ನನಗೆ ಒಂದು ತಕರಾರು ಇದೆ. ಬೇಡ ಅಂದಮೇಲೆ ಇಂದಿರಾ ಏನು ಮಾಡಿದಳು? ಕಥೆ ಅಲ್ಲಿಗೇ ನಿಲ್ಲುತ್ತೆ. ತಮ್ಮನನ್ನ ಬೆಳೆಸ್ತಾಳೆ, ಅಪ್ಪನನ್ನ ನೋಡ್ಕೋತಾಳೆ ಅಂತ ನಾವು ಅಂದ್ಕೋಬೇಕು. ಅಂದರೆ ಮತ್ತೆ ಬೇರೆಯವರ ಆರೈಕೆಯೇ. ಅವಳು ಎಸ್ಟೇಟ್ ಲೆಕ್ಕ ನೋಡಬಹುದಿತ್ತು, ಓದಬಹುದಿತ್ತು, ಇನ್ನೊಬ್ಬನನ್ನ ಪ್ರೀತಿಸಬಹುದಿತ್ತು. ಒಂದು ಸಲ ಮೋಸ ಆದವಳ ಪ್ರೀತಿ ಅಲ್ಲಿಗೇ ಮುಗೀತು ಅನ್ನೋ ಹಾಗೆ ಸಿನಿಮಾ ಮುಗಿಯೋದು ನನಗೆ ಸರಿ ಅನ್ಸಲ್ಲ. ಅವನಿಗೆ ಬೇಡ ಅಂದಿದ್ದಾಳೆ, ಪ್ರೀತಿಗೇ ಬೇಡ ಅಂದಿಲ್ಲವಲ್ಲ. ಹಿಂದಿನ ಸಾಲಿನವನು ಇದನ್ನ ಕೇಳಿದ್ದರೆ ನಾನೂ ಅವನ ಜೊತೆ ಸೇರ್ಕೋತಿದ್ದೆ.

ಇದನ್ನ ಅಮ್ಮನ ಹತ್ತಿರ ಫೋನಲ್ಲಿ ಹೇಳಿದೆ. ಅಮ್ಮ ಡಿಗ್ರಿ ಓದುವಾಗ ಅವರ ಕ್ಲಾಸಿನ ಹುಡುಗೀರೆಲ್ಲ ಒಂದೇ ಪುಸ್ತಕ ಹಂಚ್ಕೊಂಡು ಓದಿ ಅತ್ತಿದ್ದರಂತೆ. “ಆಮೇಲೆ ಏನು ಮಾಡಿದ್ಲು ಅಂತ ನಾವು ಯಾರೂ ಕೇಳಲೇ ಇಲ್ಲ ನೋಡು” ಅಂದರು ಅಮ್ಮ. “ಬೇಡ ಅಂದ್ಲಲ್ಲ, ಅದೇ ನಮಗೆ ದೊಡ್ಡದಾಗಿತ್ತು. ನಮ್ಮಲ್ಲಿ ಹಾಗೆ ಅಂದೋರು ಯಾರಿದ್ರು.” ಸ್ವಲ್ಪ ಹೊತ್ತು ಬಿಟ್ಟು, “ನೀನು ಆ ಹುಡುಗನಿಗೆ ಬೇಡ ಅಂದಿದ್ದು ನಂಗೆ ಗೊತ್ತು, ಅವನ ಅಮ್ಮ ಹೇಳಿದ್ರು” ಅಂದರು. ನಾನು ಗಾಬರಿ ಆಗಿ ಬೈಗುಳಕ್ಕೆ ರೆಡಿ ಆದೆ. ಅಮ್ಮ ಮ್ಯಾಥ್ಸ್ ಬ್ಯಾಕ್‌ಲಾಗ್ ಎಕ್ಸಾಮ್ ಯಾವಾಗ ಅಂತ ಕೇಳಿದರು.

ಬ್ಯಾಕ್‌ಲಾಗ್ ಕ್ಲಿಯರ್ ಆಗಿದೆ. ಆ ಹುಡುಗ ಹಬ್ಬಕ್ಕೆ ವಿಶ್ ಮಾಡ್ತಾನೆ, ನಾನೂ ಮಾಡ್ತೀನಿ. ಸಂಘದವರು ಮುಂದಿನ ಸಲ ‘ಶರಪಂಜರ’ ಹಾಕ್ತಾರಂತೆ, ಅದರಲ್ಲೂ ಕಲ್ಪನಾ. ದಯವಿಟ್ಟು ಇಂಟರ್ನಲ್ಸ್ ವಾರದಲ್ಲಿ ಇಡಬೇಡಿ. ಹಿಂದಿನ ಸಾಲಿನ ಅಣ್ಣಂದಿರೂ ಬನ್ನಿ, ಈ ಸಲ ನಾನು ಮುಂದಿನ ಸಾಲಲ್ಲಿ ಕೂರಲ್ಲ, ನಿಮ್ಮ ಪಕ್ಕದಲ್ಲೇ ಕೂರ್ತೀನಿ. ‘ಬೆಳ್ಳಿಮೋಡ’ ಪುಸ್ತಕ ಬೇಕಾದವರು ನನ್ನನ್ನ ಕೇಳಿ. ಸದ್ಯಕ್ಕೆ ಅದು ಒಬ್ಬಳೇ ಟೀ ಕುಡಿಯೋಳ ಹತ್ತಿರ ಇದೆ, ಅವಳಾದ ಮೇಲೆ ಸೀನಿಯರ್ ಅಕ್ಕ. ಮೂರನೇ ನಂಬರ್ ಖಾಲಿ ಇದೆ. ರಟ್ಟು ಜೋಪಾನ, ಅಮ್ಮನದು.